ಯಾವ ದೇಶದ ಸುದ್ದಿಯನ್ನು ನಂಬುವುದು?

"ವಿದೇಶಿ ಮಾಧ್ಯಮಗಳಿಗೆ ಭಾರತ ಕಂಡರಾಗದು, ನಮ್ಮ ಚಾನೆಲ್‌ಗಳಲ್ಲಿ ಬರೀ ಕೂಗಾಟ. ಹಾಗಾದರೆ ಯಾವ ದೇಶದ ಸುದ್ದಿ ನಂಬುವುದು?" ಎಂದು ಕೇಳಿದ್ದೀರಿ. ದೇಶ ನೋಡಿ ನಂಬುವ ಅಭ್ಯಾಸ ನನಗಿಲ್ಲ. ನಾನು ನೋಡುವುದು ಎರಡೇ. ದುಡ್ಡು ಕೊಡುವವರ ವಿರುದ್ಧ ಆ ಸಂಸ್ಥೆಗೆ ಬರೆಯಲು ಆಗುತ್ತದಾ? ತಪ್ಪು ಮಾಡಿದಾಗ ಏನು ಮಾಡುತ್ತದೆ?

ನಮ್ಮ ಬೆಂಗಳೂರಿಗೆ ಸೇರಿದ್ದೇ ಒಂದು ಹೇಳುತ್ತೇನೆ. 2014ರ ಸೆಪ್ಟೆಂಬರ್ 24ಕ್ಕೆ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ಹಸು ಹಿಡಿದ ರೈತನೊಬ್ಬ ಗಣ್ಯರ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ಬಡಿಯುತ್ತಾನೆ, ಒಳಗೆ ಸೂಟು ಹಾಕಿದವರು ಪೇಪರ್ ಓದುತ್ತಾ ಕೂತಿದ್ದಾರೆ. ತಾತ್ಸಾರ ಎದ್ದು ಕಾಣುತ್ತಿತ್ತು. ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ಓದುಗರು ಬೈದ ಮೇಲೆ ಸಂಪಾದಕರು ಕ್ಷಮೆ ಕೇಳಿದರು. ಇರಾಕ್ ವಿಷಯದಲ್ಲಿ ಇದೇ ಪತ್ರಿಕೆ ಇನ್ನೂ ದೊಡ್ಡದಾಗಿ ಎಡವಿತ್ತು. ಅಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸುದ್ದಿಗಳನ್ನು ಸರಿಯಾಗಿ ಪರೀಕ್ಷಿಸದೆ ಹಾಕಿತ್ತು. ಅದನ್ನು 2004ರ ಮೇ ತಿಂಗಳಲ್ಲಿ ತಾನೇ ಬರೆದು ಒಪ್ಪಿಕೊಂಡಿತು. ಅಷ್ಟು ಹೊತ್ತಿಗೆ ಯುದ್ಧ ನಡೆದುಹೋಗಿತ್ತು, ಅದು ಬೇರೆ ಮಾತು.

2016ರಲ್ಲಿ ಎರಡು ಸಾವಿರದ ನೋಟಿನೊಳಗೆ ನ್ಯಾನೋ ಚಿಪ್ ಇದೆ ಅಂತ ನಮ್ಮ ಕೆಲವು ಚಾನೆಲ್‌ಗಳು ಸ್ಟುಡಿಯೋದಲ್ಲಿ ಬಿಡಿಸಿ ಬಿಡಿಸಿ ವಿವರಿಸಿದವು. ಚಿಪ್ ಇರಲೇ ಇಲ್ಲ. ಯಾರಾದರೂ ತೆರೆಯ ಮೇಲೆ ಬಂದು ಕ್ಷಮೆ ಕೇಳಿದ್ದು ನನಗಂತೂ ನೆನಪಿಲ್ಲ.

ಬಿಬಿಸಿ ಸರ್ಕಾರದ್ದೇ ಅಲ್ವಾ ಅಂತ ಜಾಸ್ತಿ ಜನ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಟಿವಿ ನೋಡುವ ಮನೆಯವರು ಕಟ್ಟುವ ಲೈಸೆನ್ಸ್ ಶುಲ್ಕದಿಂದ ಅದು ಮುಖ್ಯವಾಗಿ ನಡೆಯುತ್ತದೆ. (ನಮ್ಮಲ್ಲೂ ಹಿಂದೆ ರೇಡಿಯೋಗೆ ಲೈಸೆನ್ಸ್ ಇತ್ತು, ಮನೆಯ ಹಿರಿಯರನ್ನು ಕೇಳಿ.) 2012ರ ನವೆಂಬರ್‌ನಲ್ಲಿ ಬಿಬಿಸಿ ಒಂದು ತಪ್ಪು ವರದಿ ಮಾಡಿತು. ಅದರದೇ ರೇಡಿಯೋ ನಿರೂಪಕ ಜಾನ್ ಹಂಫ್ರೀಸ್, ತನ್ನದೇ ಸಂಸ್ಥೆಯ ಮಹಾನಿರ್ದೇಶಕ ಜಾರ್ಜ್ ಎಂಟ್ವಿಸಲ್ ಅವರನ್ನು ನೇರ ಪ್ರಸಾರದಲ್ಲಿ ಬೆವರಿಳಿಸಿದರು. ಅಂದೇ ಎಂಟ್ವಿಸಲ್ ರಾಜೀನಾಮೆ ಕೊಟ್ಟರು. ನಮ್ಮ ಯಾವುದಾದರೂ ಚಾನೆಲ್ಲಿನ ಆ್ಯಂಕರ್ ಮಾಲೀಕರನ್ನು ಹೀಗೆ ಪ್ರಶ್ನೆ ಮಾಡುವುದನ್ನು ಸುಮ್ನೆ ಊಹಿಸಿಕೊಳ್ಳಿ!

ಪಕ್ಷಪಾತಕ್ಕೂ ಸುಳ್ಳಿಗೂ ವ್ಯತ್ಯಾಸ ಇದೆ. 2018ರ ಫೆಬ್ರುವರಿಯ ಕಾವೇರಿ ತೀರ್ಪನ್ನೇ ನೋಡಿ. ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 192 ಟಿಎಂಸಿಯಿಂದ 177.25ಕ್ಕೆ ಇಳಿಸಿತು. ನಮಗೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿಗೆ. ಇಲ್ಲಿ ಕೂತು ಓದುವವರಿಗೆ ಅದು ಕುಡಿಯುವ ನೀರಿನ ಸುದ್ದಿ, ತಂಜಾವೂರಿನವರಿಗೆ ಗದ್ದೆ ಒಣಗುವ ಸುದ್ದಿ. ಎರಡರಲ್ಲೂ ಅಂಕಿ ಒಂದೇ, ಯಾರದೂ ಸುಳ್ಳಲ್ಲ. ಇದು ಪಕ್ಷಪಾತ. ಇಂಥದ್ದು ಎಲ್ಲ ದೇಶದಲ್ಲೂ ಇದೆ, ಇದರೊಂದಿಗೆ ಬದುಕಬಹುದು.

ಸುಳ್ಳಿಗೆ ಉದಾಹರಣೆ ಅಮೆರಿಕದ ಫಾಕ್ಸ್ ನ್ಯೂಸ್. 2020ರ ಚುನಾವಣೆಯ ಮತಯಂತ್ರಗಳ ಬಗ್ಗೆ ಸುಳ್ಳು ಆರೋಪ ಪ್ರಸಾರ ಮಾಡಿದ್ದಕ್ಕೆ ಯಂತ್ರ ತಯಾರಿಸಿದ ಡೊಮಿನಿಯನ್ ಕಂಪನಿ ಕೇಸು ಹಾಕಿತು. 2023ರಲ್ಲಿ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ರಷ್ಯಾದ ಕಥೆ ಬೇರೆ. 2022ರ ಮಾರ್ಚ್‌ನಲ್ಲಿ ಬಂದ ಕಾನೂನಿನ ಪ್ರಕಾರ ಸೇನೆಯ ಬಗ್ಗೆ 'ಸುಳ್ಳು' ಬರೆದರೆ 15 ವರ್ಷದವರೆಗೆ ಜೈಲು. ಯಾವುದು ಸುಳ್ಳು ಅಂತ ಹೇಳುವುದು ಸರ್ಕಾರವೇ. ಅಲ್ಲಿನ ಪತ್ರಕರ್ತ ಒಳ್ಳೆಯವನಾದರೂ ಏನು ಮಾಡಿಯಾನು? ಆದ್ದರಿಂದ "ಎಲ್ಲ ದೇಶದವರೂ ಅಷ್ಟೇ ಬಿಡಿ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಆ ಮಾತಿನಿಂದ ಲಾಭ ಆಗುವುದು ಜಾಸ್ತಿ ಸುಳ್ಳು ಹೇಳುವವರಿಗೇ.

ಇಷ್ಟಾದರೂ ಹೆಸರು ಬೇಕು ಅನ್ನುತ್ತೀರಾ? ಗಾಜಾ ಸುದ್ದಿಗೆ ನಾನು ಅಲ್ ಜಜೀರಾ ನೋಡುತ್ತೇನೆ. ಅದಕ್ಕೆ ದುಡ್ಡು ಬರುವುದು ಕತಾರ್ ಸರ್ಕಾರದಿಂದ, ಹಾಗಾಗಿ ಕತಾರಿನ ವಿಷಯಕ್ಕೆ ಅದನ್ನು ನೆಚ್ಚುವುದಿಲ್ಲ. ಜೊತೆಗೆ ಇಸ್ರೇಲಿನದೇ ಹಾರೆಟ್ಜ್ ಓದುತ್ತೇನೆ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಆ ಪತ್ರಿಕೆಗೆ ಜಾಹೀರಾತು ಕೊಡುವುದನ್ನೇ ನಿಲ್ಲಿಸಲು ತೀರ್ಮಾನಿಸಿತು, ಆಮೇಲೂ ಅದು ಬರೆಯುತ್ತಲೇ ಇದೆ. ಕಾವೇರಿಗೆ ಒಂದು ಬೆಂಗಳೂರಿನ ಪೇಪರ್, ಒಂದು ಚೆನ್ನೈ ಪೇಪರ್. ರಾತ್ರಿ ಒಂಬತ್ತರ ಚರ್ಚೆಗಳನ್ನು, ಅದು ಯಾವ ದೇಶದ್ದೇ ಆಗಲಿ, ನೋಡುವುದನ್ನು ಬಿಟ್ಟಿದ್ದೇನೆ.