ಒಳಿತು, ಕೆಡುಕು ಎದುರಾಳಿಗಳೇ? ಬದಿಯಡ್ಕದ ಕಡೆಯಿಂದ ಒಂದು ಉತ್ತರ

ನೀವು ಕೇಳಿದ್ದು: "ಅಧ್ಯಾತ್ಮದಲ್ಲಿ ಒಳಿತು, ಕೆಡುಕು ನಿಜಕ್ಕೂ ಎರಡು ಎದುರಾಳಿ ಶಕ್ತಿಗಳೇ? ಅಥವಾ ಒಂದೇ ಶಕ್ತಿಯ ಎರಡು ಮುಖಗಳೇ?" ನಾನು ಪಂಡಿತನಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ, ಮಳೆಗಾಲದಲ್ಲಿ ತಾಳಮದ್ದಳೆಯ ಹುಚ್ಚು; ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಈ ಎರಡರಿಂದ ತಿಳಿದಷ್ಟನ್ನು ಇಟ್ಟುಕೊಂಡು ಹೇಳುವುದಾದರೆ, ಎರಡೂ ಅಲ್ಲ ಎಂದು ನನಗೆ ಕಾಣುತ್ತದೆ.

ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ಭಾಗ ಬಂತೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೆ ಮಾಡಿದ್ದೇನು? ಒಂದು ಸಲ ನಾನು ರಾಮ. ಎದುರಿಗೆ ವಾಲಿಯಾಗಿ ಕೂತವರು ಊರಿನ ಹಿರಿಯರೊಬ್ಬರು. ತಮ್ಮನ ಹೆಂಡತಿ, ರಾಜಧರ್ಮ, ಬೇಟೆಯ ನ್ಯಾಯ ಎಂದು ನಾನು ಕಲಿತುಕೊಂಡು ಹೋದದ್ದೆಲ್ಲ ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಹಾಡುವ ಭಾಗವತರು ಮುಂದಿನ ಪದ ಎತ್ತಿ ಮರ್ಯಾದೆ ಉಳಿಸಿದರು. ಆಟ ಮುಗಿದು ಚಹಾ ಕುಡಿಯುವಾಗ ಆ ಹಿರಿಯರು, "ವಾಲಿ ಸುಲಭ ಮಾರಾಯ, ರಾಮ ಆಗುವುದೇ ಕಷ್ಟ. ಮುಂದಿನ ಸಲ ನೀನು ವಾಲಿ ಹೇಳು, ನಾನು ರಾಮ" ಎಂದರು. ಹಾಗೆಯೇ ಆಯಿತು. ಆ ದಿನ ವಾಲಿಯಾಗಿ ನಾನು ಚೆನ್ನಾಗಿ ಮಾತಾಡಿದೆ, ಆದರೂ ಸೋತೆ. ಅವರು ವಾದಕ್ಕೆ ಹೋಗಲೇ ಇಲ್ಲ, ವಾಲಿಯ ತಲೆ ಸವರುವ ರಾಮನಂತೆ ಎರಡೇ ಮಾತು ಆಡಿದರು. ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಕೇಳಿದ ಹಳಬರು ಈಗಲೂ ಆ ರಾವಣನ ಮಾತನ್ನು ನೆನೆಯುತ್ತಾರೆ; ಎದುರಿಗೆ ರಾಮನಾಗಿ ಕೂತವರು ಯಾರೆಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ! ಹಾಗೆಂದು ಅವರಲ್ಲಿ ಯಾರೂ ರಾವಣನ ಭಕ್ತರಾಗಿಲ್ಲ.

ತುಳುನಾಡಿನಲ್ಲಿ ನಾವು ನಂಬುವ ದೈವಗಳ ವಿಷಯವೂ ಹೀಗೆಯೇ. ನಮ್ಮ ಗುಳಿಗನೆಂಬ ಉಗ್ರ ದೈವಕ್ಕೆ ಗುಡಿಯಿಲ್ಲ, ಮರದ ಬುಡದಲ್ಲಿ ಒಂದು ಕಲ್ಲು. ನಡು ಮಧ್ಯಾಹ್ನ ಆ ಕಡೆ ಹೋಗಬೇಡ ಎಂದು ಅಜ್ಜಿ ಹೆದರಿಸುತ್ತಿದ್ದರು. ವರ್ಷಕ್ಕೊಮ್ಮೆ ಅಲ್ಲಿ ಬೊಂಡ (ಎಳನೀರು) ಇಟ್ಟು ತಂಬಿಲ ಎಂಬ ಸೇವೆ ಮಾಡಿಸುತ್ತಿದ್ದವರೂ ಅವರೇ. ಗುಳಿಗ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದ್ದರೆ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ದೀಪಾವಳಿಯಲ್ಲಂತೂ ವಿಷ್ಣು ಪಾತಾಳಕ್ಕೆ ತುಳಿದ ಅಸುರ ಬಲಿಯನ್ನೇ ದೀಪ ಇಟ್ಟು, "ಬಲೀಂದ್ರಾ, ಕೂ" ಎಂದು ಕೂಗಿ ಮರಳಿ ಕರೆಯುತ್ತೇವೆ. ಅಂದಹಾಗೆ, ಅಸುರ ಎಂಬ ಪದವೇ ಮೊದಲು ಬೈಗುಳವಾಗಿರಲಿಲ್ಲ. ಋಗ್ವೇದದಲ್ಲಿ ವರುಣನೂ ಅಸುರ. ಪಕ್ಕದ ಪರ್ಷಿಯಾದಲ್ಲಿ ಅದೇ ಪದ ಅಹುರ ಎಂದಾಗಿ ದೇವರಿಗೇ ಹೆಸರಾಯಿತು, ದೇವ ಎಂಬುದು ಕೆಟ್ಟದ್ದಾಯಿತು.

ಈಗ ಶಾಸ್ತ್ರಕ್ಕೆ ಬರುತ್ತೇನೆ. ಕಾಸರಗೋಡು ಪೇಟೆಯ ಹತ್ತಿರ ಕೂಡ್ಲಿನಲ್ಲಿ ವಿಷ್ಣುಮಂಗಲ ದೇವಸ್ಥಾನವಿದೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರಿಗೂ ಅದ್ವೈತಿಯಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ದಿನಗಟ್ಟಲೆ ವಾದ ನಡೆದದ್ದು ಅಲ್ಲಿ. ತ್ರಿವಿಕ್ರಮರು ಸೋತು ಶಿಷ್ಯರಾದರು, ಗುರುವನ್ನು ಹೊಗಳುವ ವಾಯುಸ್ತುತಿ ಬರೆದರು. ಅಲ್ಲಿಂದ ಹೆಚ್ಚು ದೂರವಿಲ್ಲದ ಎಡನೀರಿನಲ್ಲಿ ಶಂಕರರ ಪರಂಪರೆಯ ಅದ್ವೈತ ಮಠ. ಎರಡೂ ನಮ್ಮವೇ.

ದ್ವೈತ ಎಂದರೆ ಒಳಿತು ಮತ್ತು ಕೆಡುಕು ಎಂಬ ಎರಡು ಎಂದು ತಿಳಿದವರನ್ನು ನಾನು ನೋಡಿದ್ದೇನೆ. ಅದು ತಪ್ಪು. ಮಧ್ವರ ಎರಡು ಯಾವುವೆಂದರೆ ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರನು ಹರಿ ಒಬ್ಬನೇ. ಕಲಿಯಂಥ ಕೇಡಿಗನೂ ಅವನ ಅಂಕೆಯಲ್ಲೇ ಇರುವವನು, ಸರಿಸಮಾನ ಎದುರಾಳಿಯಲ್ಲ. ಕೆಲವು ಜೀವರು ಸ್ವಭಾವದಿಂದಲೇ ತಮಸ್ಸಿಗೆ ಯೋಗ್ಯರು ಎಂದೂ ಮಧ್ವರು ಹೇಳುತ್ತಾರೆ. ಆ ಮಾತು ನನ್ನ ಗಂಟಲಲ್ಲಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಅಲ್ಲೂ ಎರಡು ಸೇನೆಗಳ ಯುದ್ಧವಿಲ್ಲ. ಅದ್ವೈತದಲ್ಲಂತೂ ಎರಡನೆಯದಕ್ಕೆ ಜಾಗವೇ ಇಲ್ಲ. ಬೆಳಕು ಕತ್ತಲೆ ಎಂಬ ಎರಡು ಅನಾದಿ ಶಕ್ತಿಗಳ ಕಾದಾಟವೇ ಲೋಕ ಎಂದು ಗಟ್ಟಿಯಾಗಿ ಸಾರಿದವನು 3ನೇ ಶತಮಾನದ ಪರ್ಷಿಯಾದ ಮತಸ್ಥಾಪಕ ಮಾನಿ. ಕ್ರೈಸ್ತರ ಸಂತ ಅಗಸ್ಟೀನ್ ಸುಮಾರು ಒಂಬತ್ತು ವರ್ಷ ಆ ಮತದಲ್ಲಿದ್ದು ಹೊರಗೆ ಬಂದರು. ಕೆಡುಕು ಬೇರೆ ವಸ್ತುವೇ ಅಲ್ಲ, ಒಳಿತಿನ ಕೊರತೆ ಎಂದರು.

ಗೀತೆಯ 16ನೇ ಅಧ್ಯಾಯದಲ್ಲಿ ದೈವೀ, ಆಸುರೀ ಎಂದು ಭಾಗ ಮಾಡುವಾಗ ಕೃಷ್ಣ ಬಳಸುವ ಪದ "ಸಂಪತ್ತು". ಶಕ್ತಿಯಲ್ಲ, ಸೈನ್ಯವಲ್ಲ. ದಂಭ, ದರ್ಪ, ಅಭಿಮಾನ, ಕ್ರೋಧ, ಒರಟುತನ, ಅಜ್ಞಾನ ಎಂದು ಆಸುರೀ ಸಂಪತ್ತಿನ ಪಟ್ಟಿ. ಆಸ್ತಿ ಪಾಲಿನ ಒಂದು ಪಂಚಾತಿಕೆಗೆ ಕೂತರೆ ಆರನ್ನೂ ಒಟ್ಟಿಗೆ ನೋಡಬಹುದು.

ಹಾಗಾದರೆ "ಒಂದೇ ಶಕ್ತಿಯ ಎರಡು ಮುಖ" ಎಂದು ಯಾಕೆ ಒಪ್ಪುವುದಿಲ್ಲ? ಪೆರ್ಲದ ಆಚೆ, ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಇದೆ. ಆ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲಿಕ್ಕೆ. ಕೆಳಗೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರು ತುಂಬುವ ಕೆರೆಗಳು, ತೋಡುಗಳು ಬಾಯಿ ತೆರೆದುಕೊಂಡೇ ಇದ್ದವು. ಆಮೇಲೆ ಅಲ್ಲಿ ಊನಗಳೊಂದಿಗೆ ಹುಟ್ಟಿದ ಮಕ್ಕಳ ಚಿತ್ರಗಳನ್ನು ನೀವೂ ನೋಡಿರಬಹುದು. ದೈವದ ಮುನಿಸು ಎಂದುಕೊಂಡು ಹರಕೆ ಹೊತ್ತವರೂ ಇದ್ದರು. ಸುಪ್ರೀಂ ಕೋರ್ಟ್ ಅದಕ್ಕೆ ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ತಾಯಿಯ ಎದುರು ನಿಂತು, ಎಲ್ಲ ಒಂದೇ ಶಕ್ತಿಯ ಲೀಲೆ ಎಂದು ಹೇಳುವ ಧೈರ್ಯ ನನಗಿಲ್ಲ. ಅಲ್ಲಿ ಯಾವ ಅಸುರನೂ ಬಂದಿರಲಿಲ್ಲ ನೋಡಿ. ಖರ್ಚು ಕಮ್ಮಿ ಎಂದು ಲೆಕ್ಕ ಹಾಕಿದವರು, ಸಹಿ ಹಾಕಿದವರು, ಕೇಳಿದವರಿಗೆ ಏನೂ ಆಗುವುದಿಲ್ಲ ಎಂದವರು, ಇಷ್ಟೇ. ದೈವವನ್ನು ದೂರುತ್ತಾ ಕೂತ ವರ್ಷಗಳಲ್ಲಿ ಇವರ ಹತ್ತಿರ ಯಾರೂ ಲೆಕ್ಕ ಕೇಳಲಿಲ್ಲ. ಎದುರಾಳಿ ಶಕ್ತಿ ಎಂಬ ಕಲ್ಪನೆಯ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ನಮ್ಮ ಮಾತಿನಲ್ಲಿ ಜ್ವರಕ್ಕೆ ಕೊಡುವುದೂ ಮದ್ದು, ಗೇರಿಗೆ ಬಿಟ್ಟದ್ದೂ ಮದ್ದು, ಆಗದವರು ಗುಟ್ಟಾಗಿ ಉಣ್ಣಿಸುವುದೂ ಕೈಮದ್ದು. ನಾಳೆ ನಮ್ಮ ತೋಟದಲ್ಲೂ ಮದ್ದು ಬಿಡಲಿಕ್ಕಿದೆ, ಅಡಿಕೆ ಕೊಳೆಯುವ ಮಹಾಳಿ ರೋಗ ಶುರುವಾಗುವ ಲಕ್ಷಣ ಕಾಣುತ್ತಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಕಮ್ಮಿಯಾದರೆ ತುತ್ತು ಎಲೆಯನ್ನೇ ಸುಡುತ್ತದೆ. ತುತ್ತು ಈಗಲೇ ನೆನೆಹಾಕಬೇಕು. ಇನ್ನೂ ಕೇಳುವುದಿದ್ದರೆ ಕೇಳಿ, ಮಳೆ ಬಿಡದಿದ್ದರೆ ನಾಳೆಯೇ ಬರೆಯುತ್ತೇನೆ.