ಕಾರು ನಿಂತಿದ್ರೂ ಆಯಿಲ್ ಹಳೇದಾಗತ್ತೆ

ಪ್ರಶ್ನೆ: ನಾವು ಸಾಗರದವ್ರು. ಮಗ ಬೆಂಗಳೂರಲ್ಲಿದಾನೆ, ಅವನು ತಗೊಂಡ 2019ರ ಪೆಟ್ರೋಲ್ ಕಾರು ನಮ್ಮನೇಲೇ ಇದೆ. ಪೇಟೆ, ದೇವಸ್ಥಾನ ಬಿಟ್ರೆ ಎಲ್ಲಿಗೂ ತೆಗೆಯಲ್ಲ, ಹೋದ ವರ್ಷ ಸರ್ವಿಸ್ ಆದ್ಮೇಲೆ ಮೂರು ಸಾವಿರ ಕಿಲೋಮೀಟರೂ ಓಡಿಲ್ಲ. ಆದ್ರೂ ಸರ್ವಿಸ್‌ಗೆ ಬನ್ನಿ ಅಂತ ಫೋನ್ ಬರ್ತಾನೇ ಇದೆ. ಮಾಡಿಸ್ಬೇಕಾ? ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಸಾಕು ಅಂತಾರೆ ಪಕ್ಕದ ಮನೆಯವ್ರು.

ಉತ್ತರ: ಮಾಡಿಸ್ಲೇಬೇಕು ಸಾರ್. ಸುಮಾರು ಪೆಟ್ರೋಲ್ ಕಾರುಗಳ ಮ್ಯಾನುಯಲ್‌ನಲ್ಲಿ ಸರ್ವಿಸ್ ಮಾಡ್ಸಿ ಇಂಜಿನ್ ಆಯಿಲ್ ಬದಲಾಯ್ಸೋಕೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವ್ದು ಮೊದಲು ಬರತ್ತೋ ಅದು ಅಂತ ಇರತ್ತೆ, ನಮ್ಮ ಜನ ಕಿಲೋಮೀಟರ್ ಮಾತ್ರ ನೋಡ್ತಾರೆ, ವರ್ಷ ಮರೆತುಬಿಡ್ತಾರೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟತ್ತೆ, ಪೇಟೆಗೆ ಹೋಗಿ ಬರೋ ಅಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿನೇ ಆಗಿರಲ್ಲ, ಹಾಗಾಗಿ ಆ ನೀರು, ಜೊತೆಗೆ ಉರೀದೇ ಉಳಿದ ಚೂರು ಪೆಟ್ರೋಲು ಎಲ್ಲಾ ಆಯಿಲ್ ಒಳಗೇ ಸೇರ್ಕೊಂಡು ಅದನ್ನ ಕೆಡಿಸ್ತಾ ಹೋಗತ್ತೆ. ಅಂದ್ರೆ ಹೈವೇಲಿ ಹತ್ತು ಸಾವಿರ ಓಡಿದ ಕಾರಿನ ಆಯಿಲ್ಲೇ ನಿಮ್ಮದಕ್ಕಿಂತ ಚೆನ್ನಾಗಿದ್ರೂ ಇರಬಹುದು.

ಐದು ನಿಮಿಷದ ಸ್ಟಾರ್ಟ್ ದಯವಿಟ್ಟು ನಿಲ್ಸಿ. ಸ್ಟಾರ್ಟ್ ಮಾಡೋಕೆ ಬ್ಯಾಟರಿಯಿಂದ ಖರ್ಚಾದ ಕರೆಂಟು ಅಷ್ಟರಲ್ಲಿ ಪೂರ್ತಿ ವಾಪಸ್ ತುಂಬ್ಕೊಳಲ್ಲ, ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯತ್ತೆ. ಅದರ ಬದಲು ವಾರಕ್ಕೊಂದ್ಸಲ ತಾಳಗುಪ್ಪದ ತನಕ ಹೋಗಿ ಬನ್ನಿ, ಸೆಖೆ ಇಲ್ದೇ ಇದ್ರೂ ಸ್ವಲ್ಪ ಹೊತ್ತು ಏಸಿ ಹಾಕಿ, ಕಂಪ್ರೆಸರ್ ಸೀಲ್‌ಗಳು ಒಣಗಲ್ಲ.

ನಿಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದಿಷ್ಟು ಗಮನ ಬೇಕು. ಪ್ಲಾಸ್ಟಿಕ್ ಟಾರ್ಪಲ್ ಕಾರಿಗೆ ಸುತ್ತಿಡಬೇಡಿ, ಒಳಗಿನ ತೇವ ಹೊರಗೆ ಹೋಗ್ದೇ ಸೀಟಿಗೆ ಬೂಸ್ಟು ಬರತ್ತೆ, ಸೂರು ಇದ್ರೆ ಹಾಗೇ ಗಾಳಿ ಆಡೋ ಥರ ನಿಲ್ಸಿ. ನಾಲ್ಕೈದು ದಿನ ತೆಗೆಯಲ್ಲ ಅಂದ್ರೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ತೇವಕ್ಕೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟ್ಕೊಂಬಿಡತ್ತೆ. ಸಮತಟ್ಟಾದ ಜಾಗ ನೋಡಿ ಗೇರ್‌ನಲ್ಲಿ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಡಿ. ಮುಂದಿನ ಗಾಜಿನ ಕೆಳಗೆ ಎಲೆ ತುಂಬಿದ್ರೆ ತೆಗೀರಿ, ನೀರು ಹೋಗೋ ತೂತು ಕಟ್ಕೊಂಡ್ರೆ ಕಾರೊಳಗೇ ಬರತ್ತೆ. ಅಡಿಕೆ ಸಿಪ್ಪೆ ರಾಶಿ, ಹುಲ್ಲು ಪಕ್ಕ ನಿಲ್ಸಲೇಬೇಡಿ, ಬಾನೆಟ್ ಒಳಗೆ ಇಲಿ ವೈರ್ ಕಡಿದ್ರೆ ಆ ರಿಪೇರಿ ಖರ್ಚು ಆಯಿಲ್ ಖರ್ಚಿಗಿಂತ ಎಷ್ಟೋ ಜಾಸ್ತಿ.

ಬ್ರೇಕ್ ಆಯಿಲ್ ಯಾವಾಗ ಬದಲಾಯ್ಸಿದ್ದು ಅಂತ ಮಗನ್ನ ಕೇಳಿ. ಅದು ಗಾಳಿಯಲ್ಲಿರೋ ತೇವ ಹೀರ್ಕೊಳತ್ತೆ, ಓಡ್ಲಿ ಬಿಡ್ಲಿ. ನೀರು ಸೇರಿದ ಬ್ರೇಕ್ ಆಯಿಲ್ ಬೇಗ ಕುದಿಯತ್ತೆ, ಘಾಟಿ ಇಳಿಯೋವಾಗ ಬ್ರೇಕ್ ಹಿಡೀದೇ ಹೋಗೋದು ಹಾಗೇ. ಟೈರ್ ಕೂಡ ಅಷ್ಟೇ, ಬಟನ್ (ರಸ್ತೆಗೆ ತಾಗೋ ಕಡೆಯ ಅಚ್ಚು) ಚೆನ್ನಾಗಿದೆ ಅಂತ ನಂಬಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಇಷ್ಟು ವರ್ಷದ ಟೈರಲ್ಲಿ ಸಣ್ಣ ಸಣ್ಣ ಬಿರುಕು ಕಂಡ್ರೆ ಬದಲಾಯ್ಸಿ.

ಪ್ರಶ್ನೆ: ಪ್ರತಿ ಸಲ ಸರ್ವಿಸ್‌ಗೆ ಬಿಟ್ಟಾಗ ಇಂಜಿನ್ ಫ್ಲಶ್, ಥ್ರಾಟಲ್ ಕ್ಲೀನಿಂಗ್ ಅಂತ ಏನೇನೋ ಸೇರಿಸ್ತಾರೆ, ಬೇಡ ಅಂದ್ರೆ ಹೆದರಿಸ್ತಾರೆ. ಹೆಂಗಸರು ಒಬ್ರೇ ಹೋದ್ರೆ ಇನ್ನೂ ಜಾಸ್ತಿ. (ಹುಬ್ಬಳ್ಳಿಯ ಓದುಗರು)

ಉತ್ತರ: ಮೇಡಂ, ನೀವು ಹೇಳ್ತಿರೋದು ನಿಜ, ಬೇಜಾರಿನ ಸಂಗತಿ. ಕಾರಿನ ಜೊತೆ ಕೊಟ್ಟ ಮ್ಯಾನುಯಲ್‌ನಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಿಸ್ಬೇಕು ಅಂತ ಪಟ್ಟಿ ಇರತ್ತೆ, ಅದರ ಫೋಟೋ ಫೋನಲ್ಲಿಟ್ಕೊಳಿ. ಸರ್ವಿಸ್‌ನವ್ರು ಏನೇನು ಮಾಡ್ತೀವಿ ಅಂತ ಬರೆದುಕೊಡೋ ಜಾಬ್ ಕಾರ್ಡಿಗೆ ಸೈನ್ ಹಾಕೋ ಮುಂಚೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಪಟ್ಟೀಲಿ ಇಲ್ಲದ್ದು ಕಂಡ್ರೆ ನನ್ನ ಕಾರಿಗೆ ಇದು ಯಾಕೆ ಬೇಕು, ಏನು ತೊಂದ್ರೆ ಕಂಡಿದೆ ತೋರ್ಸಿ ಅಂತ ಕೇಳಿ. ತೋರ್ಸೋಕೆ ಆಗ್ಲಿಲ್ಲ ಅಂದ್ರೆ ಅದನ್ನ ಜಾಬ್ ಕಾರ್ಡಿಂದ ತೆಗೆಸಿ, ಹೆದರೋದೇನೂ ಇಲ್ಲ. ಆದ್ರೆ ಬ್ರೇಕ್ ಪ್ಯಾಡ್ ಸವೆದಿದೆ ಅಂದ್ರೆ ಮಾತ್ರ ಚಕ್ರ ಬಿಚ್ಚಿಸಿ ನೀವೇ ನೋಡಿ, ನಿಜ ಆಗಿದ್ರೆ ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಟೈರಿಗೆ ನೈಟ್ರೋಜನ್ ಹಾಕಿಸ್ಲೇಬೇಕಾ?

ಉತ್ತರ: ಬೇಕಂತೇನಿಲ್ಲ. ಮಾಮೂಲಿ ಗಾಳೀಲೇ 78% ನೈಟ್ರೋಜನ್ ಇದೆ. ಎರಡು ವಾರಕ್ಕೊಮ್ಮೆ ಟೈರ್ ತಣ್ಣಗಿದ್ದಾಗ ಗಾಳಿ ಚೆಕ್ ಮಾಡ್ಸಿ, ಎಷ್ಟಿರಬೇಕು ಅಂತ ಸುಮಾರು ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದ್ರೆ ಅಲ್ಲೇ ಸ್ಟಿಕರ್ ಮೇಲೆ ಬರೆದಿರತ್ತೆ. ಸ್ಟೆಪ್ನಿಗೂ ಹಾಕ್ಸಿ.