ಸ್ಟ್ಯಾಂಡ್‌ಬೈನಲ್ಲಿ ರಿಪೋರ್ಟ್ ಕ್ವೆರಿ ಅರ್ಧಕ್ಕೇ ಕ್ಯಾನ್ಸಲ್ ಆಗುತ್ತಿದ್ದರೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಟ್ಯಾಂಡ್‌ಬೈನಲ್ಲಿ (ಮುಖ್ಯ ಸರ್ವರ್‌ನ ನಕಲು ಇಟ್ಟುಕೊಳ್ಳುವ ಸರ್ವರ್) ನಿಮ್ಮ ದೊಡ್ಡ ರಿಪೋರ್ಟ್ ಅರ್ಧಕ್ಕೇ ಕ್ಯಾನ್ಸಲ್ ಆಗಲು ಕಾರಣ ಬಹುಶಃ ಪ್ರೈಮರಿಯ, ಅಂದರೆ ಮುಖ್ಯ ಸರ್ವರ್‌ನ, ವ್ಯಾಕ್ಯೂಮ್ (ಹಳೆಯ ಸಾಲುಗಳನ್ನು ಗುಡಿಸುವ ಕೆಲಸ). ಅದು ಗುಡಿಸಿ ಹಾಕಿದ ಹಳೆಯ ಸಾಲುಗಳು ನಿಮ್ಮ ಕ್ವೆರಿಗೆ ಇನ್ನೂ ಬೇಕಿರುತ್ತವೆ. ಆ ಬದಲಾವಣೆಯನ್ನು ಸ್ಟ್ಯಾಂಡ್‌ಬೈ ತನ್ನಲ್ಲೂ ಮಾಡಲೇಬೇಕು; ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ಹೆಚ್ಚೆಂದರೆ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಕ್ವೆರಿಯನ್ನೇ ನಿಲ್ಲಿಸಿಬಿಡುತ್ತದೆ.

ಲಾಗ್ ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಸ್ಟ್ಯಾಂಡ್‌ಬೈನಲ್ಲಿ ‘ಪಿಜಿ_ಸ್ಟ್ಯಾಟ್_ಡೇಟಾಬೇಸ್_ಕಾನ್‌ಫ್ಲಿಕ್ಟ್ಸ್’ ನೋಡಿ, ಕ್ಯಾನ್ಸಲ್ ಆದ ಕ್ವೆರಿಗಳ ಎಣಿಕೆ ಕಾರಣವಾರು ಅಲ್ಲಿರುತ್ತದೆ. ಸ್ನ್ಯಾಪ್‌ಶಾಟ್ ಕಾಲಂ ಏರುತ್ತಿದ್ದರೆ ಇದೇ ಕಾರಣ. ಆಗ ಅದೇ ಸರ್ವರ್‌ನಲ್ಲಿ ‘ಹಾಟ್_ಸ್ಟ್ಯಾಂಡ್‌ಬೈ_ಫೀಡ್‌ಬ್ಯಾಕ್’ ಸೆಟ್ಟಿಂಗ್ ಆನ್ ಮಾಡಿ, ರೀಲೋಡ್ ಕೊಡಿ. ಸುಮ್ನೆ ರೀಸ್ಟಾರ್ಟ್ ಬೇಡ. ಆಗ ನಿಮ್ಮ ಕ್ವೆರಿಗೆ ಬೇಕಾದ ಹಳೆಯ ಸಾಲುಗಳನ್ನು ಪ್ರೈಮರಿ ಗುಡಿಸದೆ ಉಳಿಸುತ್ತದೆ, ಹಾಗಾಗಿ ಅದರ ಟೇಬಲ್‌ಗಳು ಸ್ವಲ್ಪ ಉಬ್ಬುತ್ತವೆ, ಗಂಟೆಗಟ್ಟಲೆ ಓಡುವ ಕ್ವೆರಿ ಇದ್ದರೆ ಜಾಸ್ತಿಯೇ.

ಲಾಕ್ ಕಾಲಂ ಏರುತ್ತಿದ್ದರೆ ಇದು ಸಾಲದು. ಆ 30 ಸೆಕೆಂಡ್ ಮಿತಿಯ ಸೆಟ್ಟಿಂಗ್ ‘ಮ್ಯಾಕ್ಸ್_ಸ್ಟ್ಯಾಂಡ್‌ಬೈ_ಸ್ಟ್ರೀಮಿಂಗ್_ಡಿಲೇ’ 10 ನಿಮಿಷಕ್ಕೆ ಏರಿಸಿ. ಆಗ ಸ್ಟ್ಯಾಂಡ್‌ಬೈನ ಡೇಟಾ ಅಷ್ಟು ಹಿಂದೆ ಬೀಳಬಹುದು, ಹಾಗಾಗಿ ಈಗಷ್ಟೇ ಸೇವ್ ಆದ ಆರ್ಡರ್ ತೋರಿಸುವ ಪುಟಗಳನ್ನು ಪ್ರೈಮರಿಗೇ ಕಳಿಸಿ.